ಕಾಳಪ್ಪನ ಎಡೆ

ಕಂಪನಿ ತೋಟದಲ್ಲಿ ಅನುಸೂಯಾಳ ದನಿ ಮುಟ್ಟದ ಸಾಲು ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಕಲ್ಲುಕಂಬ, ತಂತಿ, ತಂತಿಯ ಮೇಲೆ ಬಳ್ಳಿ. ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿಯವರು ಕಾಣುವುದಿಲ್ಲ. ಆದರೆ ಆಕೆ ಇಲ್ಲಿಂದ ‘ಏ’ ಎಂದರೆ ಆ ತುದಿಯಲ್ಲಿ ಹರಟೆ ಹೊಡೆಯುತ್ತಿದ್ದವರು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಬಗ್ಗುತ್ತಿದ್ದರು. ಮೇಸ್ತ್ರಿಕೆ ಎಂದರೆ ಬಾಯಿ, ಉಳಿದದ್ದೆಲ್ಲ ಆಮೇಲೆ ಎಂದು ಆಕೆಯೇ ಹೇಳಿಕೊಳ್ಳುತ್ತಿದ್ದಳು. ಅಂಥ ಬಾಯಿ ಒಂದೇ ಒಂದು ಮಾತನ್ನು ಅರ್ಧಕ್ಕೆ ಬಿಟ್ಟಿತು. ಆ ಅರ್ಧ ಮಾತಿನಿಂದ ಆದದ್ದನ್ನು ಹೇಳುತ್ತೇನೆ.

ತೋಟ ಇರುವುದು ಹುಲಿಹೈದರದಿಂದ ಕನಕಗಿರಿಗೆ ಬರುವ ದಾರಿಯ ಮಗ್ಗುಲಿಗೆ. ಮೊದಲು ಅಲ್ಲಿ ಸಜ್ಜೆ, ತೊಗರಿ ಬೆಳೆಯುತ್ತಿದ್ದರು. ಕಂಪನಿಯವರು ಬಂದು ಹೊಲಗಳ ಬದುವುಗಳನ್ನೆಲ್ಲ ಅಳಿಸಿ ಒಂದು ಮಾಡಿದರು, ತುಂಗಭದ್ರೆಯ ನೀರನ್ನು ಹರದಾರಿಗಟ್ಟಲೆ ಪೈಪಿನಲ್ಲಿ ಎಳೆದು ತಂದು ಹನಿಹನಿಯಾಗಿ ಬಳ್ಳಿಯ ಬುಡಕ್ಕೆ ಬಿಟ್ಟರು. ಬಿಸಿಲು ನಮ್ಮದು, ನೀರು ಹೊಳೆಯದು, ಬಳ್ಳಿ ಮಾತ್ರ ಎಲ್ಲಿಯದೋ. ಹಣ್ಣೂ ಹಾಗೆಯೇ. ಗೋಲಿಗಿಂತ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬರೀ ಬೀಜ. ಸಂತೆಗೆ ಒಯ್ದರೆ ಯಾರೂ ಮೂಸಿ ನೋಡರು. ಅದು ತಿನ್ನುವ ದ್ರಾಕ್ಷಿಯಲ್ಲ, ವೈನಿನ ದ್ರಾಕ್ಷಿ. ಕೊಯ್ಲು ಬಂತೆಂದರೆ ಲಾರಿಗಳ ಮೇಲೆ ಲಾರಿ ತುಂಬಿ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅದು ಯಾವ ಊರಿನ ಯಾರ ಬಾಯಿಗೆ ಬೀಳುತ್ತದೆ ಎಂಬುದು ಕೊಯ್ದವರಿಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಸಾಬರಿಯೂ ಅವರಿಗಿರಲಿಲ್ಲ.

ಇದ್ದದ್ದು ಒಬ್ಬನಿಗೆ, ಅನುಸೂಯಾಳ ಅಪ್ಪ ಕಾಳಪ್ಪನಿಗೆ. ತೋಟ ಹುಟ್ಟಿದಾಗಿನಿಂದ ಅಲ್ಲಿ ನೀರು ಬಿಡುವ ಕೆಲಸ ಅವನದು. ಯಾವ ಸಾಲಿಗೆ ಯಾವ ವಾಲ್ವು ತಿರುಗಿಸಬೇಕು ಎಂದು ನೋಡಿಕೊಂಡೇ ಮುದುಕನಾದವನು. ಸಂಜೆ ಒಂದಿಷ್ಟು ಗಂಟಲಿಗೆ ಇಳಿಸುವ ಚಟವಿತ್ತು. ಕುಡಿದರೆ ಜಗಳವಿಲ್ಲ, ಬೈಗುಳವಿಲ್ಲ. ಕಟ್ಟೆಯ ಮೇಲೆ ಕೂತು ತತ್ವಪದ ಹಾಡುತ್ತಿದ್ದ, ಇಬ್ಬರು ಹೆಣ್ಣುಮಕ್ಕಳನ್ನೂ ಕರೆದು ಕೇಳಿಸುತ್ತಿದ್ದ. ಆಗಾಗ ತೋಟದ ಕಡೆಗೆ ಕೈ ಮಾಡಿ, “ಇಷ್ಟ ವರ್ಷ ನೀರು ಕುಡಿಸೀನಿ ಇದಕ್ಕ. ಇದು ನನಗ ಏನು ಕುಡಸತೈತಿ, ಒಂದ ಗುಟುಕರೆ ನೋಡಿ ಸಾಯಬೇಕು,” ಅನ್ನುತ್ತಿದ್ದ. ನೋಡದೆಯೇ ಸತ್ತ. ಬೇಸಿಗೆಯಲ್ಲಿ ಜ್ವರ ಹಿಡಿದು, ವಾರ ತುಂಬುವುದರೊಳಗೆ ಮಣ್ಣು ಸೇರಿದ.

ಅದರ ಮುಂದಿನ ಅಕ್ಟೋಬರಿನ ಮಾತು ಇದು. ಅಕ್ಟೋಬರ್ ಬಂತೆಂದರೆ ತೋಟದಲ್ಲಿ ಚಾಟ್ನಿ. ಕತ್ತರಿ ಹಿಡಿದ ಗಂಡಸರು ಬಳ್ಳಿಯ ಕಡ್ಡಿಗಳನ್ನೆಲ್ಲ ಮೋಟು ಮಾಡುತ್ತ ಹೋಗುತ್ತಾರೆ. ಚಳಿ ದೇಶದಲ್ಲಾದರೆ ಬಳ್ಳಿ ಚಳಿಗಾಲವೆಲ್ಲ ಮಲಗಿ ತಾನಾಗಿ ಏಳುತ್ತದಂತೆ. ನಮ್ಮ ಸೆಕೆಯಲ್ಲಿ ಅದಕ್ಕೆ ನೆಟ್ಟಗೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಹಾಗಾಗಿ ಕಡ್ಡಿಯಲ್ಲಿ ಚಿಗುರೊಡೆಯುವ ಒಂದೊಂದು ಕಣ್ಣಿಗೂ ಔಷಧ ಹಚ್ಚಿ ಎಬ್ಬಿಸಬೇಕು. ಅದಕ್ಕೆ ಎಲ್ಲರೂ ಪೇಸ್ಟ್ ಎನ್ನುತ್ತಾರೆ. ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಗುರುತು ಸಿಗಲೆಂದು ಕೆಂಪು ಬಣ್ಣ ಬೆರೆಸಿರುತ್ತಾರೆ. ಗಂಡಸರು ಕ್ಯಾನು ಹೊತ್ತು ಸುರಿದು ಕೊಡುತ್ತಾರೆ, ಹೆಂಗಸರು ಚಿಂದಿ ಅದ್ದಿ ಅದ್ದಿ ಹಚ್ಚುತ್ತಾರೆ. ಕಂಪನಿ ಕೈಗವಸು ಕೊಟ್ಟಿತ್ತು. ಆದರೆ ಕೈಗವಸಿನಲ್ಲಿ ಬೆರಳು ಜಾರುತ್ತವೆ, ಬೆವರುತ್ತವೆ, ಕೆಲಸ ಓಡುವುದಿಲ್ಲ. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಅವೆಲ್ಲ ಸೊಂಟಕ್ಕೆ ಸಿಕ್ಕಿಕೊಂಡಿರುತ್ತಿದ್ದವು.

ಈ ಪೇಸ್ಟಿಗೆ ಒಂದು ಕೆಟ್ಟ ಗುಣವಿತ್ತು. ಮುಟ್ಟಿದವರು ಮುಂದೆ ಒಂದು ವಾರ ಹೆಂಡ ಸಾರಾಯಿ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ಹಾಕಿದರೆ ಮೈಯೊಳಗೆ ಎರಡೂ ಸೇರಿ ವಿಷವಾಗುತ್ತದೆ. ಇದನ್ನು ತೋಟದ ಸೂಪರ್‌ವೈಸರ್ ಪ್ರಭುರಾಜ ವರ್ಷವೂ ಅನುಸೂಯಾಳಿಗೆ ಹೇಳುತ್ತಿದ್ದ. “ಎಲ್ಲಾರ್ಗೂ ತಿಳಿಸಿ ಹೇಳು, ಇದು ಆಟ ಅಲ್ಲ,” ಅನ್ನುತ್ತಿದ್ದ.

ಹೇಳುತ್ತಿದ್ದಳು, ಇಲ್ಲವೆಂದಲ್ಲ. ಮೊದಲ ವರ್ಷ ವಿಷ ಗಿಷ ಎಂದೆಲ್ಲ ವಿವರಿಸಿ ನೋಡಿದಳು. ಗಂಡಸರು ಕಿಸಿಕಿಸಿ ನಕ್ಕರು. ಸಂಜೆ ಕುಡಿದವನೊಬ್ಬ ಮೋರೆ ಕೆಂಪಗಾಗಿ ವಾಂತಿ ಮಾಡಿಕೊಂಡು ಮರುದಿನ ಎದ್ದು ಬಂದ. ಅದೂ ನಗೆಯ ಮಾತಾಯಿತು. ವಿಷಕ್ಕೆ ಹೆದರದವರು ಯಾವುದಕ್ಕೆ ಹೆದರುತ್ತಾರೆ ಎಂಬುದು ಅನುಸೂಯಾಳಿಗೆ ಗೊತ್ತಿತ್ತು. ಮರುವರ್ಷದಿಂದ ಆಕೆ ಕಾರಣವನ್ನೇ ಹೇಳುವುದನ್ನು ಬಿಟ್ಟಳು. “ಚಾಟ್ನಿ ಮುಗಿಯೋ ತನಕ ಯಾವಂದರೆ ಬಾಯಾಗ ವಾಸನಿ ಬಂದ್ರ ಅಂವಗ ತೋಟದ ಗೇಟು ಬಂದ್. ಸಾಹೇಬ್ರು ಹೇಳ್ಯಾರ,” ಎಂದಳು. ಗಂಡಸರು ಗೊಣಗಿಕೊಂಡರೂ ಬಾಯಿ ಕಟ್ಟಿದರು. ಯಾರಿಗೂ ಏನೂ ಆಗಲಿಲ್ಲ. ತನ್ನ ಉಪಾಯದ ಬಗ್ಗೆ ಆಕೆಗೆ ಸಣ್ಣ ಹೆಮ್ಮೆಯೂ ಇತ್ತು. ಇನ್ನು ಹೆಂಗಸರಿಗೆ ಅವಳು ಏನನ್ನೂ ಹೇಳಲಿಲ್ಲ. ‘ನೀವು ಕುಡಿಯಬ್ಯಾಡ್ರಿ’ ಎಂದು ಹೆಂಗಸರಿಗೆ ಹೇಳುವುದೆಂದರೇನು? ಮೋರೆಗೆ ಹೊಡೆದಂತೆ ಆಗುತ್ತಿತ್ತು.

ಆ ಹೆಂಗಸರಲ್ಲಿ ಒಬ್ಬಳು ಅವಳ ತಂಗಿ ವಿಜಯಲಕ್ಷ್ಮಿ. ಅಕ್ಕನಿಗೂ ತಂಗಿಗೂ ಹನ್ನೆರಡು ವರ್ಷದ ಅಂತರ. ಅನುಸೂಯಾಳೇ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸಣ್ಣವಳಿದ್ದಾಗ ವಿಜಿಗೆ ಕೀಲುನೋವಿನ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು. ಎದ್ದ ಮೇಲೂ ಓಡಿದರೆ ಏದುಸಿರು. ಆದರೂ ಮನೆಯಲ್ಲಿ ನಗು ಎಂದರೆ ಅವಳದೇ. ಅದೇ ಊರಿನ ಮಲ್ಲೇಶನನ್ನು ಮದುವೆಯಾಗಿ ಎರಡು ಓಣಿ ಆಚೆ ಇದ್ದಳು. ಅವನೂ ತೋಟದಲ್ಲೇ ಕತ್ತರಿ ಹಿಡಿಯುತ್ತಿದ್ದ, ಆದರೆ ಸೇರಿದ್ದು ಆ ವಿಷದ ಮಾತು ನಿಂತ ಮೇಲೆ. ಗಂಡ ತೀರಿಕೊಂಡ ಮೇಲೆ ಅನುಸೂಯಾ ತವರಿಗೆ ಬಂದು ಅವ್ವ ಪಕ್ಕೀರವ್ವನ ಜೊತೆ ಇದ್ದಳು.

ಆ ವರ್ಷ ಮಾನಮಿ ಅಮಾಸಿ ಚಾಟ್ನಿಯ ನಟ್ಟನಡುವೆ ಬಂತು. ಅಮಾಸಿ ಎಂದರೆ ಹಿರಿಯರ ಹಬ್ಬ. ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಬದುಕಿದ್ದಾಗ ಅವರಿಗೆ ಏನು ಪ್ರೀತಿಯೋ ಅದನ್ನೆಲ್ಲ ಎಡೆ ಇಡಬೇಕು. ಕಾಳಪ್ಪ ಹಿರಿಯರ ಸಾಲಿಗೆ ಸೇರಿದ ಮೊದಲ ವರ್ಷ ಅದು. ವಿಜಿ ತಿಂಗಳ ಹಿಂದಿನಿಂದಲೇ ಅಕ್ಕನ ಬೆನ್ನು ಹತ್ತಿದ್ದಳು.

“ಯಕ್ಕಾ, ಅಪ್ಪಗ ಈ ಸಲ ಆ ತೋಟದ ವೈನೇ ಇಡಬೇಕು ನೋಡು. ಆಸೆ ಇಟ್ಕೊಂಡು ಹೋಗ್ಯಾನ.”

“ಎಲ್ಲಿಂದ ತರಲೇ ಹುಚ್ಚಿ?”

“ನೀ ಮೇಸ್ತ್ರಿ. ನೀ ಕೇಳಿದ್ರ ಸಾಹೇಬ್ರು ಇಲ್ಲ ಅಂತಾರೇನು?”

ಕೇಳಿದಳು. ಪ್ರಭುರಾಜನಿಗೆ ಆ ಮಾತು ಕೇಳಿ ಸಮಾಧಾನವೇ ಆಯಿತು. ಅವನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಇಷ್ಟು ದೊಡ್ಡ ತೋಟ ನೋಡಿಕೊಂಡರೂ ಒಂದು ಹನಿ ಮುಟ್ಟಿದವನಲ್ಲ. ಫ್ಯಾಕ್ಟರಿಯವರು ಹೋದ ವರ್ಷ ಉಡುಗೊರೆ ಎಂದು ಕೊಟ್ಟ ಬಾಟಲಿಯನ್ನು ಅವನ ಹೆಂಡತಿ ಮನೆಯೊಳಕ್ಕೆ ಬಿಟ್ಟುಕೊಂಡಿರಲಿಲ್ಲ. ಅದು ದನದ ಕೊಟ್ಟಿಗೆಯಲ್ಲಿ ಮೇವಿನ ಹಿಂದೆ ಬಿದ್ದಿತ್ತು. “ಒಯ್ಯವಾ, ನನಗೂ ಪೀಡಾ ತಪ್ಪತೈತಿ. ನಿಮ್ಮಪ್ಪ ಭಾಳ ದುಡದಾನ ನಮ್ಮ ತೋಟಕ್ಕ,” ಎಂದು ತಾನೇ ಒರೆಸಿ ಕೊಟ್ಟ. ಯಾರೂ ಕುಡಿಯದಂತೆ ನೋಡಿಕೋ ಎಂದು ಹೇಳಿದ್ದೂ ಅವನೇ, ಬಾಟಲಿ ಕೊಟ್ಟದ್ದೂ ಅವನೇ. ಎರಡೂ ಅವನ ತಲೆಯಲ್ಲಿ ಒಂದಕ್ಕೊಂದು ಎದುರಾಗಲಿಲ್ಲ. ಅದು ಕುಡಿಯುವುದಕ್ಕಲ್ಲವಲ್ಲ, ಎಡೆಗೆ!

ಅಮಾಸಿಯ ದಿನವೂ ಮಧ್ಯಾಹ್ನದವರೆಗೆ ಪೇಸ್ಟ್ ಹಚ್ಚುವ ಕೆಲಸ ನಡೆಯಿತು. ಕತ್ತರಿಸಿದ ಕಡ್ಡಿ ಹಬ್ಬ ನೋಡಿಕೊಂಡು ಕಾಯುವುದಿಲ್ಲ. ಅರ್ಧ ದಿನದ ಕೆಲಸ ಮುಗಿಸಿ ಬಂದು ವಿಜಿ ತಲೆಗೆ ಎರೆದುಕೊಂಡು ತವರಿಗೆ ಓಡಿ ಬಂದಳು. ಕಡುಬು, ಕೋಳಿ ಸಾರು, ಕಾಳಪ್ಪ ಸೇದುತ್ತಿದ್ದ ಬೀಡಿಯ ಕಟ್ಟು, ಹೊಸ ಧೋತರ ಎಲ್ಲ ಇಟ್ಟಾಯಿತು. ಬಾಟಲಿಯ ಬಿರಡೆ ತೆಗೆಯುವುದು ಯಾರಿಗೂ ಬರಲಿಲ್ಲ. ಮಲ್ಲೇಶ ಸ್ಕ್ರೂಡ್ರೈವರಿನಿಂದ ಅದನ್ನು ಒಳಕ್ಕೇ ತಳ್ಳಿದ. ಮೋರೆ ಮೇಲೆಲ್ಲ ಸಿಡಿಯಿತು. ವಿಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತರು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತಿಗೆ ಪಕ್ಕೀರವ್ವ ಕೆಮ್ಮಿ ಬಾಗಿಲು ತೆರೆದಳು. ಇನ್ನು ಉಳಿದದ್ದು ಮನೆಯವರ ಪಾಲು. ಆ ಮನೆಯ ಕಟ್ಟು ಏನೆಂದರೆ, ಹಿರಿಯರ ಎಡೆಯನ್ನು ಹೊರಗಿನವರಿಗೆ ಕೊಡುವಂತಿಲ್ಲ, ಚೆಲ್ಲುವಂತಿಲ್ಲ, ಬೆಳಗಿನವರೆಗೆ ಉಳಿಸುವಂತಿಲ್ಲ. ಗಂಡಸು ಹೆಂಗಸು ಎನ್ನದೆ ಎಲ್ಲರೂ ತೆಗೆದುಕೊಂಡು ಮುಗಿಸಬೇಕು.

ಪಕ್ಕೀರವ್ವ ಒಂದು ಗುಟುಕು ಕುಡಿದು ಮೋರೆ ಕಿವಿಚಿದಳು. “ಹುಳಿ ಅಂಬಲಿ ಆದಂಗ ಐತಿ. ಇದಕ್ಕ ಅಷ್ಟ ದೊಡ್ಡ ತೋಟ ಬೇಕಿತ್ತೇನು?” ಅನುಸೂಯಾ ತನ್ನ ಪಾಲು ಕುಡಿದಳು. ಆಕೆ ಮೇಸ್ತ್ರಿ, ಪೇಸ್ಟಿಗೆ ಕೈ ಹಾಕುವವಳಲ್ಲ. ಮಲ್ಲೇಶನ ಕೈಗೆ ಲೋಟ ಬಂದಾಗ ಅವನು ಹಿಂದೆ ಸರಿದ.

“ನಾ ಒಲ್ಲೆವಾ. ಬಾಯಾಗ ವಾಸನಿ ಬಂದ್ರ ನಾಳಿ ಗೇಟು ಬಂದ್ ಅಂತ ಇಕಿನ ಹೇಳ್ಯಾಳ.”

“ಛಲೋ ಮಾಡಿದಿ,” ಎಂದಳು ಅನುಸೂಯಾ. ತನ್ನ ಮಾತು ಮನೆಯೊಳಗೂ ನಡೆಯುತ್ತದಲ್ಲ ಎಂದು ಆಕೆಗೆ ಖುಷಿಯೇ ಆಯಿತು.

“ಹಂಗಾರ ಅಪ್ಪನ ಪಾಲು ಉಳಸ್ತೀಯೇನು? ತಾ ಇಲ್ಲಿ,” ಎಂದು ವಿಜಿ ಅವನ ಲೋಟ ಕಸಿದುಕೊಂಡಳು. ತನ್ನ ಪಾಲು ಕುಡಿದಿದ್ದಳು. ಗಂಡನ ಪಾಲೂ ಕುಡಿದಳು. ತಳದಲ್ಲಿ ಉಳಿದದ್ದನ್ನೂ ಅಪ್ಪನ ಹೆಸರು ಹೇಳಿ ಬಗ್ಗಿಸಿಕೊಂಡಳು. ಆ ಕೋಣೆಯಲ್ಲಿ ಪೇಸ್ಟಿನ ಗುಣ ತಿಳಿದಿದ್ದವಳು ಅನುಸೂಯಾ ಒಬ್ಬಳೇ. ಅವಳು ತಂಗಿಯನ್ನು ನೋಡುತ್ತಲೇ ಇದ್ದಳು, ನೋಡಿ ನಗುತ್ತಲೂ ಇದ್ದಳು. ಆಕೆಯ ಮನಸ್ಸಿನಲ್ಲಿ ಕುಡಿಯುವುದು ಎಂದರೆ ಗಂಡಸರು ಅಂಗಡಿಯ ಮುಂದೆ ಮಾಡುವ ಕೆಲಸ. ಇದು ಅಪ್ಪನ ಪ್ರಸಾದ.

ಸ್ವಲ್ಪ ಹೊತ್ತಿಗೆ ವಿಜಿಯ ಮುಖ, ಕುತ್ತಿಗೆ, ಕಿವಿ ಎಲ್ಲ ಕೆಂಪೇರಿದವು. “ಎದಿ ಡವಡವ ಅನ್ನಾಕತ್ತೈತಿ ಯಕ್ಕಾ,” ಎಂದಳು. ಎಲ್ಲರೂ ನಕ್ಕರು. ಮೊದಲ ಸಲ ಕುಡಿದವಳಿಗೆ ಏರಿದೆ ಎಂದುಕೊಂಡರು. ಎದ್ದು ನಿಂತವಳು ಗೋಡೆ ಹಿಡಿದು ಕುಸಿದಳು. ಉಸಿರು ಮೇಲೆಮೇಲೆ ಬಂತು. ಮಲ್ಲೇಶ, “ದವಾಖಾನಿಗೆ ಒಯ್ಯೂಣೇನು?” ಎಂದ. ಪಕ್ಕೀರವ್ವ ಹೊರಗಿನ ಬಾಗಿಲು ಹಾಕಿದಳು.

“ಸುಮ್ನ ಮಲಗಸ್ರಿ. ಕುಡದ ಹೆಂಗಸನ್ನ ಹೊತ್ಕೊಂಡು ಓಣ್ಯಾಗ ಹೊಂಟ್ರ ಮಂದಿ ಏನಂದಾರು? ಇಳದ ಮ್ಯಾಲ ತಾನ ಎದ್ದ ಕುಂಡರ್ತಾಳ.”

ಮಲಗಿಸಿದರು. ಮಜ್ಜಿಗೆ ಕುಡಿಸಿದರು, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕೈಕಾಲು ತಣ್ಣಗಾಗತೊಡಗಿದ ಮೇಲೆ ಮಲ್ಲೇಶ ಯಾರ ಮಾತನ್ನೂ ಕೇಳದೆ ಓಡಿ ಹೋಗಿ ಓಣಿಯ ಜಿಲಾನಸಾಬನ ಟಂಟಂ ಗಾಡಿ ತಂದ. ಹೊತ್ತು ಮುಳುಗುತ್ತಿತ್ತು. ಗಂಗಾವತಿಯ ದಾರಿಯಲ್ಲಿ ಗಾಡಿ ಕುಣಿಯುತ್ತ ಓಡಿತು. ತಂಗಿಯ ತಲೆ ಅನುಸೂಯಾಳ ತೊಡೆಯ ಮೇಲಿತ್ತು. ಕೈ ಉಜ್ಜಿ ಬೆಚ್ಚಗೆ ಮಾಡೋಣವೆಂದು ಅವಳ ಅಂಗೈ ಬಿಡಿಸಿದಳು. ತಲೆಗೆ ಎರೆದುಕೊಂಡು ಬಂದಿದ್ದರೂ ಉಗುರಿನ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ ಪೇಸ್ಟಿನ ಕೆಂಪು ಹಾಗೇ ಇತ್ತು.

ಆಗ ತಿಳಿಯಿತು. ‘ಇದು ಆಟ ಅಲ್ಲ’ ಎಂದ ಪ್ರಭುರಾಜನ ಮಾತು, ತಾನು ಗಂಡಸರಿಗೆ ಹೇಳಿದ ಗೇಟಿನ ಮಾತು, ಹೆಂಗಸರಿಗೆ ಹೇಳದೆ ಬಿಟ್ಟದ್ದು, ‘ಛಲೋ ಮಾಡಿದಿ’ ಎಂದು ಮಲ್ಲೇಶನನ್ನು ಹೊಗಳಿದ್ದು ಎಲ್ಲ ಒಟ್ಟಿಗೇ ಬಂದು ಅವಳ ಮೇಲೆ ಬಿದ್ದವು. “ಲಗೂ ಹೊಡಿಯೋ, ಲಗೂ ಹೊಡಿಯೋ ಜಿಲಾನಣ್ಣಾ,” ಎಂದು ಚೀರಿದಳು. ಅಷ್ಟು ದೊಡ್ಡ ದನಿ ಆ ದಿನ ಯಾವ ಉಪಯೋಗಕ್ಕೂ ಬರಲಿಲ್ಲ.

ದವಾಖಾನೆ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಜೀವವಿತ್ತು. ಡಾಕ್ಟರು ಸೂಜಿ ಚುಚ್ಚಿದರು, ಎದೆ ಒತ್ತಿದರು, ಕೊನೆಗೆ ಕೈ ಚೆಲ್ಲಿದರು. ಮಲ್ಲೇಶ ಹೊರಗೆ ನೆಲದ ಮೇಲೆ ಬಿದ್ದು ಹೊರಳುತ್ತಿದ್ದ. ಡಾಕ್ಟರು ಅನುಸೂಯಾಳನ್ನು ಬದಿಗೆ ಕರೆದು, “ಹೃದಯ ಮೊದಲೇ ಸೋತಿತ್ತು. ಅದರ ಮೇಲೆ ಇದು. ದ್ರಾಕ್ಷಿ ಔಷಧ ಮುಟ್ಟಿದವರು ಕುಡಿಯಬಾರದು ಅಂತ ನಿಮಗೆ ಯಾರೂ ಹೇಳಿರಲಿಲ್ಲವೇನಮ್ಮ?” ಎಂದರು.

ಊರಿಗೆ ಹೆಣ ಬಂದಾಗ ಪಕ್ಕೀರವ್ವ ಅಳಲಿಲ್ಲ. ಒಳಗೆ ಹೋಗಿ ಕಾಳಪ್ಪನ ಫೋಟೋ ಕಿತ್ತು ಜೋಳದ ಚೀಲದ ಹಿಂದೆ ಒಗೆದಳು. ಧೋತರವನ್ನು ಬಚ್ಚಲಿಗೆ ಎಸೆದಳು. ಆಮೇಲೆ ಅಂಗಳದಲ್ಲಿ ನಿಂತು ಸತ್ತ ಗಂಡನನ್ನು ಬೈಯತೊಡಗಿದಳು. “ಕುಡದ ಹೋಗೋ ಅಂತ ಕರದ್ರ ಮಗಳನ್ನ ಕರ್ಕೊಂಡು ಹೋದಿ? ನಿನ್ನ ಬಾಯಿಗೆ ಮಣ್ಣು ಬೀಳ್ಲಿ! ಇನ್ನ ಮ್ಯಾಲ ನನ್ನ ಕೈಯಾಗಿಂದ ಒಂದು ತೊಟ್ಟ ನೀರು ಕಾಣಂಗಿಲ್ಲ ನೀ!” ಮೂವತ್ತೈದು ವರ್ಷ ಜೊತೆಗೆ ಬಾಳಿದಾಗ ಅವನಿಗೆ ಇಷ್ಟು ದೊಡ್ಡ ಮಾತು ಆಡಿದವಳಲ್ಲ ಆಕೆ.

ಊರಿಗೂ ಅದೇ ಸರಿ ಎನಿಸಿತು. ಮೂರನೆಯ ದಿನದ ಹಾಲುತುಪ್ಪದ ಹೊತ್ತಿಗೆ ಕತೆ ಸಿದ್ಧವಾಗಿತ್ತು. ಕಾಳಪ್ಪ ಆಸೆಯಿಂದ ಬಂದನಂತೆ, ಅಳಿಯ ಅವನ ಪಾಲು ಮುಟ್ಟದೆ ಹಿಂದಕ್ಕೆ ತಳ್ಳಿದನಂತೆ, ಹಿರಿಯನಿಗೆ ಸಿಟ್ಟು ಬಂತಂತೆ, ಪ್ರೀತಿಯ ಮಗಳನ್ನೇ ಎತ್ತಿಕೊಂಡು ಹೋದನಂತೆ. ಮಲ್ಲೇಶ ಅದನ್ನು ನಂಬಿದ. ಊಟ ಬಿಟ್ಟು ಗೋಡೆಗೆ ಆತು ಕೂತು, ಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದ: “ನಾ ಕುಡದಿದ್ರ ಅಕಿ ಉಳೀತಿದ್ಲು.” ಅದು ಒಂದು ರೀತಿಯಲ್ಲಿ ನಿಜವೂ ಆಗಿತ್ತು. ಅದನ್ನು ಕೇಳಿದಾಗಲೆಲ್ಲ ಅನುಸೂಯಾ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಪ್ರಭುರಾಜ ಮಾತನಾಡಿಸಿ ಹೋಗಲು ಬಂದ. ಕಟ್ಟೆಯ ಮೇಲೆ ಕೂತುಕೊಂಡ. “ನನ್ನ ಕೈಯಾರೆ ಕೊಟ್ಟೆನಲ್ಲವಾ,” ಎಂದು ಅತ್ತ. ಆಮೇಲೆ ಮೆಲ್ಲಗೆ ಕೇಳಿದ: “ಹೆಣ್ಮಕ್ಕಳಿಗೆ ನೀ ಹೇಳಿದ್ದಿಲ್ಲೇನು?”

“ಇಲ್ರಿ.”

ಅವನು ಕಣ್ಣೊರೆಸಿಕೊಂಡು ಎದ್ದು ಹೋದ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅಷ್ಟಾದರೂ ಹಗುರಾಗುತ್ತಿತ್ತು.

ಅಪ್ಪ ಅವಳಿಗೆ ಕನಸಿನಲ್ಲೂ ಬರಲಿಲ್ಲ. ಬಂದಿದ್ದರೆ ಬೈಯುತ್ತಿದ್ದನೋ ಏನೋ. ಬೈಯುವವನೂ ಅಲ್ಲ. ತಾನು ಮಾಡಿದ್ದು ಅವನ ತಲೆಗೆ ಬಂದಿತ್ತು. ಅವ್ವ ದಿನಾ ಬೆಳಗ್ಗೆ ಎದ್ದು ಅವನಿಗೆ ಶಾಪ ಹಾಕಿಯೇ ಮೋರೆ ತೊಳೆಯುತ್ತಿದ್ದಳು. ತಡೆಯಲಾಗದೆ ಒಂದು ಮಧ್ಯಾಹ್ನ ಅನುಸೂಯಾ ರೊಟ್ಟಿ ಬಡಿಯುತ್ತಿದ್ದ ಅವ್ವನ ಎದುರು ಕೂತಳು.

“ಅವ್ವಾ, ಅಪ್ಪನ್ನ ಬೈಬ್ಯಾಡ. ಅಪ್ಪ ಏನೂ ಮಾಡಿಲ್ಲ. ನಾ...”

ಪಕ್ಕೀರವ್ವನ ಕೈ ಹಿಟ್ಟಿನ ಮೇಲೆ ನಿಂತಿತು. “ನೀ ಏನ ಹೇಳಾಕ ಬಂದಿ ನನಗ ಗೊತ್ತೈತಿ. ಸಾಹೇಬ ಕೇಳಿದ್ದು ಬಾಗಲದಾಗ ನಿಂತ ಕೇಳಿಸ್ಕೊಂಡೀನಿ. ಹೇಳಬ್ಯಾಡ.”

“ಅವ್ವಾ...”

“ಹೇಳಬ್ಯಾಡ ಅಂದ್ನಿ. ನೀ ಬಾಯಿ ತಗದ್ರ ನಾನೂ ತಗೀಬೇಕಾಗತೈತಿ. ಮಲಗಸ್ರಿ, ಮಂದಿ ಏನಂದಾರು ಅಂದಾಕಿ ಯಾರು? ಬಾಗಲಾ ಹಾಕಿದಾಕಿ ಯಾರು?” ಅವಳ ದನಿ ಏರಲಿಲ್ಲ. “ಅಂವಗ ಬೈದ್ರ ಅಂವಗ ನೋವಾಗೂದಿಲ್ಲ. ಬದುಕಿದ್ದಾಗ ನಮ್ಮನ್ನೆಲ್ಲಾ ಹೊತ್ತಾನ, ಇದನ್ನೂ ಹೊರ್ತಾನ ಬಿಡು. ನನಗ ಒಬ್ಬಾಕಿ ಹೋದ್ಲು. ನಿನ್ನನ್ನ ಬೈಕೋಂತ ನಿನ್ನ ಜೋಡಿ ಹೆಂಗ ಇರಲೇ ನಾ?”

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಅನುಸೂಯಾ ಕೂತಲ್ಲೇ ಕೂತಳು. ಅವ್ವನಿಗಾಗಿ ಆಕೆ ಏನನ್ನಾದರೂ ಮಾಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಇದ್ದುಬಿಡೋಣ, ಅಪ್ಪ ತಿಳಿದುಕೊಳ್ಳುತ್ತಾನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ದೀಪಾವಳಿಗೆ ಇನ್ನೇನು ಸ್ವಲ್ಪ ದಿನ ಇದ್ದಾಗ ತೋಟದ ಕೊನೆಯ ಭಾಗದ ಚಾಟ್ನಿ ಬಂತು. ಅನುಸೂಯಾ ಮತ್ತೆ ಕೆಲಸಕ್ಕೆ ಹೋದಳು. ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತರು, ಆಮೇಲೆ ಸಾಲಿಗೆ ಕೂತು ರೊಟ್ಟಿ ಗಂಟು ಬಿಚ್ಚಿದರು. ಕ್ಯಾನುಗಳು ಆಗಲೇ ಸಾಲಿನ ತುದಿಗೆ ಬಂದಿದ್ದವು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದವಳು ಉಣ್ಣುತ್ತ ಉಣ್ಣುತ್ತ ಹೇಳಿದಳು:

“ನಮ್ಮ ಮನ್ಯಾಗ ಈ ದೀಪಾವಳಿಗೆ ಮಾವಗ ಎಡಿ ಐತಿ. ಕಾಳಪ್ಪಣ್ಣನ ಮನ್ಯಾಗ ಆಗಿದ್ದು ನೋಡಿ ನನಗ ಕೈಕಾಲು ನಡುಗಾಕತ್ತಾವು. ಈ ಸಲ ಸಣ್ಣಾಕಿ ದೊಡ್ಡಾಕಿ ಅನ್ನದ ಎಲ್ಲಾರ್ಗೂ ಕುಡಸ್ತೀನಿ. ಒಂದ ತೊಟ್ಟೂ ಉಳಸೂದಿಲ್ಲ. ಹಿರೇರು ಸಿಟ್ಟಾಗಬಾರದು.”

“ಹೌದವಾ, ನಮ್ಮಲ್ಲೂ ಹಂಗ,” ಎಂದರು ಇಬ್ಬರು ಮೂವರು. ಆ ಹಿರಿಯಳ ಸೊಸೆಯಂದಿರು ಇಬ್ಬರೂ ಅದೇ ಸಾಲಿನಲ್ಲಿ ಕೂತಿದ್ದರು. ಒಬ್ಬಳಂತೂ ವಿಜಿಯ ಓರಗೆಯವಳು, ರೊಟ್ಟಿ ಮುಗಿಸಿ ಆಗಲೇ ಚಿಂದಿಯನ್ನು ಪೇಸ್ಟಿಗೆ ಅದ್ದಿದ್ದಳು.

ಅನುಸೂಯಾ ಎದ್ದು ನಿಂತಳು.

“ಕೈ ತಗೀರಿ. ಎಲ್ಲಾರೂ ಕೈ ತಗೀರಿ, ನನ್ನ ಮಾತ ಕೇಳ್ರಿ.”

ಎಲ್ಲರೂ ತಿರುಗಿ ನೋಡಿದರು. ಅವಳು ಮೊದಲ ಸಲ ಆ ತೋಟದಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ಪೇಸ್ಟ್ ಏನು ಮಾಡುತ್ತದೆ ಎಂದು ಹೇಳಿದಳು. ಪ್ರಸಾದವಾದರೂ, ಒಂದೇ ಗುಟುಕಾದರೂ, ಹೆಂಗಸಾದರೂ ಗಂಡಸಾದರೂ, ಮುಟ್ಟಿದವರು ಒಂದು ವಾರ ಬಾಯಿಗೆ ಹಾಕಬಾರದು ಎಂದು ಹೇಳಿದಳು. ತಂಡದ ನಾಹೀದಾ, ವಿಜಿಯ ಪಕ್ಕದ ಸಾಲಿನಲ್ಲಿ ದಿನಾ ಕೆಲಸ ಮಾಡುತ್ತಿದ್ದವಳು, ತಡೆದು ತಡೆದು ಕೇಳಿದಳು:

“ವಿಜೀಗೆ ಇದ ಆತೇನು ಅಕ್ಕಾ?”

“ಹೌದು. ಅಪ್ಪ ಅಲ್ಲ, ಮಲ್ಲೇಶನೂ ಅಲ್ಲ. ನನಗ ಮೊದಲಿಂದ ಗೊತ್ತಿತ್ತು. ನಾ ನಿಮಗ ಹೇಳಿದ್ದಿಲ್ಲ. ಅಕಿಗೂ ಹೇಳಿದ್ದಿಲ್ಲ.”

ಹಿರಿಯಳು ತನ್ನ ಸೊಸೆಯ ಕೈಯಲ್ಲಿದ್ದ ಚಿಂದಿಯನ್ನು ಕಿತ್ತು ದೂರ ಎಸೆದಳು. ಒಬ್ಬಳು ಎದೆ ಬಡಿದುಕೊಂಡಳು. ನಾಹೀದಾ ಸೆರಗು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ತಿರುಗಿದಳು. ಯಾರೂ ಅನುಸೂಯಾಳನ್ನು ಬೈಯಲಿಲ್ಲ, ಯಾರೂ ಹತ್ತಿರವೂ ಬರಲಿಲ್ಲ. ಆ ದಿನ ಎಲ್ಲರೂ ಕೈಗವಸು ಹಾಕಿಕೊಂಡೇ ಕೆಲಸ ಮಾಡಿದರು.

ಸಂಜೆ ಆಕೆ ಬೇಕೆಂದೇ ಹಿಂದೆ ಉಳಿದು ನಿಧಾನವಾಗಿ ನಡೆದು ಬಂದಳು. ಮಾತು ಅವಳಿಗಿಂತ ಮೊದಲು ಊರು ಸೇರಿತ್ತು. ಮಲ್ಲೇಶ ಅವನ ಮನೆಯ ಬಾಗಿಲಲ್ಲಿ ನಿಂತಿದ್ದ. ಅವಳನ್ನು ನೋಡಿ ಒಳಗೆ ಹೋದ. ಅವಳ ಮನೆಯ ಮುಂದೆ ಕೂತಿದ್ದ ಓಣಿಯ ಹೆಂಗಸರು ಅವಳು ಬಂದದ್ದು ಕಂಡು ಒಬ್ಬೊಬ್ಬರಾಗಿ ಎದ್ದು ಹೋದರು.

ಪಕ್ಕೀರವ್ವ ಅಂಗಳದಲ್ಲಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ, ದೀಪ ಹಚ್ಚಿರಲಿಲ್ಲ. ಅನುಸೂಯಾ ಅವಳ ಕಾಲ ಹತ್ತಿರ ಕೂತಳು.

“ಅವರ ಮನ್ಯಾಗೂ ಹಂಗ ಆಗತಿತ್ತವ್ವಾ. ಹೇಳದ ಇರಾಕ ಆಗಲಿಲ್ಲ. ನನ್ನ ಬೈ. ಹೊಡಿ.”

ಪಕ್ಕೀರವ್ವ ಮಗಳ ಮುಖ ನೋಡಿದಳು. ಅಷ್ಟು ದಿನ ಹೊತ್ತು ಹುಟ್ಟುವುದರೊಳಗೆ ಶುರುವಾಗುತ್ತಿದ್ದ ಬಾಯಿ ಎರಡು ಸಲ ತೆರೆದು ಎರಡು ಸಲ ಮುಚ್ಚಿತು. ಮಗಳು ಸತ್ತ ದಿನವೂ ಬಾರದಿದ್ದ ಕಣ್ಣೀರು ಆಗ ಬಂತು.

“ಇಷ್ಟ ದಿನ ಅವನ್ನ ಬೈಕೋಂತರೆ ಜೀವ ಹಿಡಕೊಂಡಿದ್ನಲ್ಲವಾ,” ಎಂದಳು. “ಈಗ ನಾ ಯಾರನ್ನ ಬೈಲಿ?”